ರಾತ್ರಿಯ ಸಂಗತಿಯನ್ನೂ ವೈದ್ಯರ ಮುಂದಿಡಿ

ಪ್ರಶ್ನೆ:

ನನಗೆ 36 ವರ್ಷ. ದಾವಣಗೆರೆ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾಲ್ಕು ವರ್ಷದ ಹಿಂದೆ ಮಲದಲ್ಲಿ ರಕ್ತ ಹೋಗತೊಡಗಿತು. ಮೂಲವ್ಯಾಧಿ ಇರಬೇಕೆಂದು ಕೆಲವು ತಿಂಗಳು ನಾಟಿ ಔಷಧಿ ಮಾಡಿದೆವು. ಕೊನೆಗೆ ಕೊಲೊನೋಸ್ಕೋಪಿ ಮಾಡಿಸಿದಾಗ ಅಲ್ಸರೇಟಿವ್ ಕೊಲೈಟಿಸ್, ದೊಡ್ಡ ಕರುಳಿನ ಎಡಭಾಗದಲ್ಲಿ ಉರಿಯೂತ ಇದೆ ಎಂದರು. ಅಂದಿನಿಂದ ಮೆಸಲಮೈನ್ ಮಾತ್ರೆ ನುಂಗುತ್ತಿದ್ದೇನೆ. ಹೋದ ವರ್ಷ ಕಾಯಿಲೆ ಜೋರಾದಾಗ ಪ್ರೆಡ್ನಿಸೊಲೋನ್ ಕೊಟ್ಟರು. ರಕ್ತ ನಿಂತಿತು, ನಿದ್ದೆ ಹೋಯಿತು. ಆ ಮಾತ್ರೆ ಮುಗಿದು ಎಂಟು ತಿಂಗಳಾದರೂ ನಿದ್ದೆ ಮರಳಿಲ್ಲ.

ರಾತ್ರಿ ಒಂಬತ್ತೂವರೆಗೇ ಹಾಸಿಗೆ ಸೇರುತ್ತೇನೆ. ಒಂದು, ಎರಡು ಗಂಟೆಗೆ ಎಚ್ಚರವಾಗುತ್ತದೆ. ಕೆಲವು ರಾತ್ರಿ ಹೊಟ್ಟೆ ಹಿಂಡಿ ಓಡಬೇಕಾಗುತ್ತದೆ, ಹೋದರೆ ಬರೀ ಲೋಳೆ. ಉಳಿದ ರಾತ್ರಿ ಏನೂ ಇಲ್ಲದಿದ್ದರೂ ಎದ್ದು ಕೂತು, ಈಗ ಬಂದೀತೇ ಎಂದು ಕಾಯುತ್ತೇನೆ. ನಮ್ಮ ಮನೆಯ ಪಾಯಿಖಾನೆ ಹಿತ್ತಿಲಲ್ಲಿದೆ. ಬಾಗಿಲ ಚಿಲಕದ ಸದ್ದಿಗೆ ಎಲ್ಲರೂ ಎದ್ದಾರೆಂಬ ಸಂಕೋಚ. ಮಲಗುವಾಗ ಹಾಕಿಕೊಳ್ಳಬೇಕಾದ ಎನಿಮಾ ಸೋರುತ್ತದೆಂದು ಎರಡು ತಿಂಗಳಿಂದ ಬಿಟ್ಟಿದ್ದೇನೆ. ರಾತ್ರಿ ಏಳಬೇಕಾದೀತೆಂದು ಊಟವನ್ನೂ ಬಿಡುತ್ತಿದ್ದೇನೆ. ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆ ಕೆಲವು ಸಲ ನುಂಗಿದ್ದುಂಟು. ಶಾಲೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನಿಲ್ಲಲೂ ಆಗದಷ್ಟು ಸುಸ್ತು.

ಡಾಕ್ಟರು 'ದಿನಕ್ಕೆ ಎಷ್ಟು ಸಲ ಹೋಗುತ್ತೀರಿ' ಎಂದು ಕೇಳುತ್ತಾರೆ. ಎರಡು ಮೂರು ಸಲ ಎಂದರೆ 'ಚೆನ್ನಾಗಿದ್ದೀರಿ' ಎನ್ನುತ್ತಾರೆ. ಅತ್ತೆ 'ಬಹಳ ಯೋಚನೆ ಮಾಡ್ತೀಯ, ಅದಕ್ಕೇ ನಿದ್ದೆ ಇಲ್ಲ' ಎನ್ನುತ್ತಾರೆ. ಇದು ನನ್ನ ಮನಸ್ಸಿನ ದೌರ್ಬಲ್ಯವೇ? ಹೀಗೆ ನಿದ್ದೆಗೆಟ್ಟರೆ ಕಾಯಿಲೆ ಮತ್ತೆ ಕೆರಳುತ್ತದೆಯೇ?

– ಹೆಸರು ಬೇಡ

ಉತ್ತರ:

ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ: ಇದು ನಿಮ್ಮ ದೌರ್ಬಲ್ಯ ಖಂಡಿತ ಅಲ್ಲ. ಅಲ್ಸರೇಟಿವ್ ಕೊಲೈಟಿಸ್ ಇರಲಿ, ಅದೇ ಗುಂಪಿನ ಕ್ರೋನ್ಸ್ ಕಾಯಿಲೆ ಇರಲಿ, ಕರುಳಿನ ಉರಿಯೂತ ಇರುವವರಲ್ಲಿ ನಿದ್ದೆಯ ತೊಂದರೆ ಬಹಳ ಸಾಮಾನ್ಯ. ರಕ್ತ ನಿಂತು, ಭೇದಿ ನಿಂತು, ಎಲ್ಲರೂ ವಾಸಿಯಾಯಿತು ಎನ್ನುವ ಕಾಲದಲ್ಲೂ ಅನೇಕರಿಗೆ ರಾತ್ರಿಗಳು ಸರಿಹೋಗಿರುವುದಿಲ್ಲ. ಉರಿಯೂತ ಇದ್ದಾಗ ದೇಹದಲ್ಲಿ ಹೆಚ್ಚಾಗುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಮುಂತಾದ ರಾಸಾಯನಿಕಗಳು ಕರುಳಲ್ಲಷ್ಟೇ ಕೆಲಸ ಮಾಡುವುದಿಲ್ಲ, ಮೆದುಳು ನಿದ್ದೆಯನ್ನು ನಡೆಸುವ ರೀತಿಯನ್ನೂ ಕೆಡಿಸುತ್ತವೆ. ಅತ್ತ ನಿದ್ದೆ ಕೆಟ್ಟರೆ ಇವೇ ರಾಸಾಯನಿಕಗಳು ಏರುತ್ತವೆ.

ಎರಡನೆಯ ಪ್ರಶ್ನೆಗೆ ಸ್ವಲ್ಪ ಬಿಡಿಸಿ ಉತ್ತರ ಹೇಳಬೇಕು, ಏಕೆಂದರೆ ಅರ್ಧ ತಿಳಿದರೆ ಇದೇ ಹೊಸ ಭಯವಾದೀತು. ಕರುಳಿನ ಉರಿಯೂತವಿರುವ 3,000ಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಮೆರಿಕದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕ್ರೋನ್ಸ್ ಕಾಯಿಲೆ ಹತೋಟಿಯಲ್ಲಿದ್ದೂ ನಿದ್ದೆ ಸರಿಯಿಲ್ಲದವರಲ್ಲಿ, ಆರು ತಿಂಗಳ ನಂತರ ಕಾಯಿಲೆ ಮತ್ತೆ ಕಾಣಿಸಿಕೊಳ್ಳುವ ಸಂಭವ ಸುಮಾರು ಇಮ್ಮಡಿ ಇತ್ತು. ನಿಮಗಿರುವ ಅಲ್ಸರೇಟಿವ್ ಕೊಲೈಟಿಸ್‌ನವರಲ್ಲಿ ಆ ಅಧ್ಯಯನಕ್ಕೆ ಅಂಥ ನಂಟು ಕಾಣಲಿಲ್ಲ. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಅಲ್ಲಿನ ನರ್ಸ್‌ಗಳನ್ನು ಬಹುಕಾಲ ಗಮನಿಸಿದ್ದು. ರಾತ್ರಿ 7–8 ಗಂಟೆ ಮಲಗುವವರಿಗಿಂತ 6 ಗಂಟೆಗಿಂತ ಕಡಿಮೆ ಅಥವಾ 9 ಗಂಟೆಗಿಂತ ಹೆಚ್ಚು ಮಲಗುವವರಿಗೆ ಕೊಲೈಟಿಸ್ ಹೊಸದಾಗಿ ಬರುವ ಸಂಭವ ಹೆಚ್ಚಿತ್ತು. ಇವೆರಡೂ ನಿದ್ದೆ ಮತ್ತು ಕರುಳು ಜೊತೆಜೊತೆಯಾಗಿ ಕೆಡುವುದನ್ನು ತೋರಿಸುತ್ತವೆ. ಒಂದು ರಾತ್ರಿ, ಒಂದು ವಾರ ನಿದ್ದೆ ಬರಲಿಲ್ಲವೆಂದು ಕಾಯಿಲೆ ಕೆರಳುತ್ತದೆ ಎಂದು ಇವುಗಳ ಅರ್ಥವಲ್ಲ. ಒಳಗೇ ಉಳಿದ ಸಣ್ಣ ಉರಿಯೂತವೇ ಮೊದಲು ನಿದ್ದೆ ಕೆಡಿಸಿ, ಆಮೇಲೆ ಹೊಟ್ಟೆಯಲ್ಲಿ ಕಾಣಿಸಿಕೊಂಡಿರಲೂಬಹುದು. ಆದ್ದರಿಂದ ನಿದ್ದೆ ಬಾರದ ರಾತ್ರಿಯಲ್ಲಿ 'ಅಯ್ಯೋ, ಕಾಯಿಲೆ ಬಂದೇಬಿಡುತ್ತದೆ' ಎಂದು ಲೆಕ್ಕ ಹಾಕುತ್ತ ಮಲಗಬೇಡಿ. ಹಾಗೆಂದು ತಿಂಗಳುಗಟ್ಟಲೆ ನಿದ್ದೆ ಕೆಟ್ಟಿದ್ದರೂ ವೈದ್ಯರಿಗೆ ಹೇಳದೆ ಇರಲೂಬೇಡಿ.

ಹೊಟ್ಟೆ ಎಬ್ಬಿಸಿತೇ, ಭಯ ಎಬ್ಬಿಸಿತೇ?

ನಿಮ್ಮ ಪತ್ರದಲ್ಲಿ ಎರಡು ಬಗೆಯ ರಾತ್ರಿಗಳಿವೆ. ನೀವು ಅವನ್ನು ಒಟ್ಟಿಗೆ 'ನಿದ್ದೆ ಇಲ್ಲ' ಎಂದಿದ್ದೀರಿ. ಇವುಗಳಿಗೆ ಕಾರಣ ಬೇರೆ, ಚಿಕಿತ್ಸೆಯೂ ಬೇರೆ.

ಹೊಟ್ಟೆ ಹಿಂಡಿ ಎಬ್ಬಿಸಿ, ಓಡಿಹೋದರೆ ಲೋಳೆ ಮಾತ್ರ ಬರುವ ರಾತ್ರಿ ಮೊದಲನೆಯದು. ದೊಡ್ಡ ಕರುಳಿಗೂ ಹಗಲು ರಾತ್ರಿಯ ಲೆಕ್ಕವಿದೆ. ನಾವು ಮಲಗಿದಾಗ ಅದರ ಚಲನೆ ತಗ್ಗುತ್ತದೆ, ಬೆಳಿಗ್ಗೆ ಎದ್ದು ಕಾಫಿ ಕುಡಿದು ತಿಂಡಿ ತಿಂದಾಗ ಚುರುಕಾಗುತ್ತದೆ. ಆದ್ದರಿಂದ ಮಲವಿಸರ್ಜನೆಯ ಅವಸರ ನಿದ್ದೆಯಿಂದ ಎಬ್ಬಿಸಿತೆಂದರೆ ವೈದ್ಯರು ಅದನ್ನು ಹಗುರಾಗಿ ನೋಡುವುದಿಲ್ಲ. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಶುರುವಾಗಿ ಮೇಲಕ್ಕೆ ಹರಡುವ ಕಾಯಿಲೆ. ಗುದನಾಳದಲ್ಲಿ ಸ್ವಲ್ಪ ಉರಿಯೂತ ಉಳಿದರೂ ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ, ಹೋಗಲು ಏನೂ ಇಲ್ಲದಿದ್ದರೂ ಹೋಗಬೇಕೆನಿಸುತ್ತದೆ. ನೀವು ಎರಡು ತಿಂಗಳಿಂದ ಬಿಟ್ಟಿರುವ ಎನಿಮಾ ಔಷಧ ತಲುಪುವುದು ಇದೇ ಜಾಗಕ್ಕೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಳಗೆ ಉರಿಯೂತ ಮತ್ತೆ ತಲೆಯೆತ್ತಿರಬಹುದು ಎಂಬ ಅನುಮಾನ ಬರುತ್ತದೆ.

ಅನುಮಾನವನ್ನು ಪರೀಕ್ಷೆ ಬಗೆಹರಿಸುತ್ತದೆ. ಫೀಕಲ್ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಮಲ ಪರೀಕ್ಷೆ ಇದೆ. ಕರುಳಲ್ಲಿ ಉರಿಯೂತವಿದ್ದಾಗ ಬಿಳಿ ರಕ್ತಕಣಗಳು ಬಿಡುವ ಪ್ರೋಟೀನ್ ಎಷ್ಟಿದೆ ಎಂದು ಅದು ಅಳೆಯುತ್ತದೆ. ಪ್ರತಿ ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯ. 250 ದಾಟಿದರೆ ಉರಿಯೂತ ಸಕ್ರಿಯವಾಗಿದೆ ಎಂದು ವೈದ್ಯರು ಬಹುಮಟ್ಟಿಗೆ ಭಾವಿಸುತ್ತಾರೆ. ಮತ್ತೆ ಕೊಲೊನೋಸ್ಕೋಪಿ ಬೇಕೇ ಎಂಬುದನ್ನೂ ಇದರಿಂದ ತೀರ್ಮಾನಿಸಬಹುದು. ಮುಂದಿನ ಭೇಟಿಗೆ ಕಾಯದೆ, ಈ ವಾರವೇ ಹೋಗಿ ಕೇಳಿ.

ಎನಿಮಾ ಬಿಟ್ಟಿದ್ದನ್ನು ಮುಚ್ಚಿಡಬೇಡಿ, ಬೈಸಿಕೊಳ್ಳಬೇಕಾದೀತೆಂದು ಅಳುಕಬೇಡಿ. ಸೋರಿಕೆ ನಿಮ್ಮೊಬ್ಬರ ತೊಂದರೆಯಲ್ಲ, ವೈದ್ಯರಿಗೆ ಇದು ಗೊತ್ತಿರುವ ವಿಷಯ. ಮೊದಲು ಪಾಯಿಖಾನೆಗೆ ಹೋಗಿಬಂದು, ಎಡಮಗ್ಗುಲಾಗಿ ಮಲಗಿ, ಬಾಟಲಿಯನ್ನು ಒಮ್ಮೆಲೇ ಒತ್ತದೆ ನಿಧಾನವಾಗಿ ಔಷಧ ಸೇರಿಸಿ, ಅರ್ಧ ಗಂಟೆಯಾದರೂ ಹಾಗೇ ಮಲಗಿದ್ದರೆ ಅದು ಒಳಗೆ ನಿಲ್ಲುವುದು ಸುಲಭ. ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೊಂದು ಹಳೆಯ ಟವೆಲ್ ಹಾಸಿಕೊಂಡರೆ ಹಾಸಿಗೆಯ ಚಿಂತೆಯಿಲ್ಲ. ಹಾಗೂ ನಿಲ್ಲದಿದ್ದರೆ ನೊರೆ ರೂಪದ ಔಷಧ, ಗುದದ್ವಾರದಲ್ಲಿಡುವ ಮಾತ್ರೆ, ಹಾಕಿಕೊಳ್ಳುವ ಹೊತ್ತು ಬದಲಿಸುವುದು ಇಂಥ ದಾರಿಗಳಿವೆ. ಯಾವುದು ನಿಮಗೆ ಸರಿ ಎಂದು ವೈದ್ಯರು ಹೇಳುತ್ತಾರೆ.

ಏನೂ ಇಲ್ಲದಿದ್ದರೂ ಎದ್ದು ಕೂರುವ ರಾತ್ರಿ ಎರಡನೆಯದು. ಇಲ್ಲಿ ಮೊದಲು ಎಚ್ಚರವಾಗುತ್ತದೆ, ಆಮೇಲೆ ಹೊಟ್ಟೆಯ ನೆನಪಾಗುತ್ತದೆ. ಕಾಯಿಲೆ ಜೋರಾಗಿದ್ದ ತಿಂಗಳುಗಳಲ್ಲಿ ರಾತ್ರಿ ಏಳಲೇಬೇಕಿತ್ತು. ಆಗ ಪ್ರೆಡ್ನಿಸೊಲೋನ್ ಕೂಡ ಇತ್ತು. ನಿದ್ದೆ ಕೆಡಿಸುವುದು ಆ ಮಾತ್ರೆಯ ಸ್ವಭಾವ. ಅದನ್ನು ಬೆಳಿಗ್ಗೆ ತಿಂಡಿಯ ನಂತರ ನುಂಗಲು ಹೇಳುವುದಕ್ಕೆ ಇದೂ ಒಂದು ಕಾರಣ. ಅಷ್ಟೂ ದಿನ ದೇಹ ಕಲಿತದ್ದು ಒಂದೇ, ರಾತ್ರಿಯೆಂದರೆ ಕಾವಲು. ಮಾತ್ರೆ ಮುಗಿದರೂ ಆ ಪಾಠ ಅಳಿಸಿಲ್ಲ. ನಿದ್ರಾಹೀನತೆಯನ್ನು ಶುರುಮಾಡುವ ಕಾರಣ ಒಂದಾದರೆ ಅದನ್ನು ಮುಂದುವರಿಸುವ ಕಾರಣ ಇನ್ನೊಂದು. ನಿಮ್ಮಲ್ಲಿ ಶುರುಮಾಡಿದ್ದು ಕಾಯಿಲೆ, ಮುಂದುವರಿಸುತ್ತಿರುವುದು ಭಯ ಮತ್ತು ಅದರಿಂದ ಬೆಳೆದ ಅಭ್ಯಾಸ.

ಪರೀಕ್ಷೆಯನ್ನು ತಡಮಾಡದೆ, ಅದರ ಜೊತೆಗೇ ಎರಡು ವಾರ ಒಂದು ನೋಟ್‌ಬುಕ್ ಇಡಿ. ಎಷ್ಟು ಹೊತ್ತಿಗೆ ಮಲಗಿದಿರಿ, ಯಾವಾಗ ಎಚ್ಚರವಾಯಿತು, ಎಬ್ಬಿಸಿದ್ದು ಅವಸರವೇ, ನೋವೇ, ಅಥವಾ ಸುಮ್ಮನೆ ಎಚ್ಚರವೇ, ರಕ್ತ ಅಥವಾ ಲೋಳೆ ಇತ್ತೇ, ಬೆಳಿಗ್ಗೆ ಎಷ್ಟಕ್ಕೆ ಎದ್ದಿರಿ, ಇಷ್ಟನ್ನೇ ಬರೆದರೆ ಸಾಕು. ಬೆಳಿಗ್ಗೆ ನೆನಪಿನಿಂದ ಬರೆಯಿರಿ, ರಾತ್ರಿ ಗಡಿಯಾರ ನೋಡಿ ಬರೆಯಬೇಡಿ. ಆ ಎರಡು ಹಾಳೆ ವೈದ್ಯರಿಗೆ ಕೊಡುವ ಮಾಹಿತಿಯನ್ನು ಹತ್ತು ನಿಮಿಷದ ಮಾತೂ ಕೊಡಲಾರದು.

ಹಾಸಿಗೆಯ ಜೊತೆ ಮತ್ತೆ ಸ್ನೇಹ

ಎರಡನೆಯ ಬಗೆಯ ರಾತ್ರಿಗೆ ಮಾತ್ರೆಗಿಂತ ಒಳ್ಳೆಯ ಚಿಕಿತ್ಸೆ ಇದೆ. ನಿದ್ರಾಹೀನತೆಗೆಂದೇ ರೂಪಿಸಿದ ಅರಿವಿನ ವರ್ತನಾ ಚಿಕಿತ್ಸೆ ಅದು, ಸಿಬಿಟಿ-ಐ ಎಂದು ಕರೆಯುತ್ತಾರೆ. ಬಹುಕಾಲದ ನಿದ್ರಾಹೀನತೆಗೆ ವಯಸ್ಕರಿಗೆಲ್ಲ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿತು. ಅದರ ತಿರುಳು ಸರಳ, ಪಾಲಿಸಲು ಮಾತ್ರ ಹಟ ಬೇಕು.

ನೀವು ಒಂಬತ್ತೂವರೆಗೆ ಮಲಗಿ ಬೆಳಿಗ್ಗೆ ಐದೂವರೆಗೆ ಏಳುತ್ತೀರಿ ಎಂದಿಟ್ಟುಕೊಳ್ಳೋಣ. ಎಂಟು ಗಂಟೆ ಹಾಸಿಗೆಯಲ್ಲಿದ್ದೂ ನಿದ್ದೆ ಬರುವುದು ಐದಾರು ಗಂಟೆಯಾದರೆ, ಉಳಿದ ಹೊತ್ತೆಲ್ಲ ಹಾಸಿಗೆಯಲ್ಲಿ ಚಿಂತೆಯ ಅಭ್ಯಾಸ ನಡೆಯುತ್ತದೆ. ಬೇಗ ಮಲಗಿದರೆ ಹೆಚ್ಚು ನಿದ್ದೆ ಸಿಗುತ್ತದೆ ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ. ಏಳುವ ಹೊತ್ತನ್ನು ಐದೂವರೆಗೆ ಗಟ್ಟಿಮಾಡಿ, ಭಾನುವಾರವೂ ಅದೇ. ಮಲಗುವ ಹೊತ್ತನ್ನು ಹನ್ನೊಂದರ ಸುಮಾರಿಗೆ ತನ್ನಿ. ಹಾಸಿಗೆಯಲ್ಲಿರುವ ಹೊತ್ತಿನ ಬಹುಪಾಲು ನಿದ್ದೆಯಲ್ಲೇ ಕಳೆಯತೊಡಗಿದ ಮೇಲೆ ವಾರಕ್ಕೊಮ್ಮೆ ಕಾಲು ಗಂಟೆಯಂತೆ ಹಿಂದಕ್ಕೆ ಸರಿಸುತ್ತ ಹೋಗಿ. ನಡುವೆ ಎಚ್ಚರವಾಗಿ ಇಪ್ಪತ್ತು ನಿಮಿಷದಷ್ಟು ಹೊತ್ತಾದರೂ ನಿದ್ದೆ ಬರದಿದ್ದರೆ ಎದ್ದು ಹೊರಕೋಣೆಗೆ ಬನ್ನಿ. ಮಂದ ಬೆಳಕಲ್ಲಿ ಹೂಬತ್ತಿ ಹೊಸೆಯುವುದೋ, ಓದಿದ ಪುಸ್ತಕವನ್ನೇ ತಿರುವಿಹಾಕುವುದೋ ಮಾಡಿ. ಮೊಬೈಲ್ ಬೇಡ. ಕಣ್ಣು ಎಳೆದಾಗ ಮತ್ತೆ ಹೋಗಿ ಮಲಗಿ. ಕೆಲವು ವಾರಗಳಲ್ಲಿ ಹಾಸಿಗೆ ಎಂದರೆ ನಿದ್ದೆ ಎಂಬ ನಂಟು ಮತ್ತೆ ಕೂಡುತ್ತದೆ.

ಇದಕ್ಕೆ ಎರಡು ಎಚ್ಚರಿಕೆಗಳಿವೆ. ಉರಿಯೂತ ಇದೆ ಎಂದು ಪರೀಕ್ಷೆ ಹೇಳಿದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಲಿ. ಕಾಯಿಲೆ ಕೆರಳಿರುವಾಗ ನಿದ್ದೆಯ ಹೊತ್ತನ್ನು ಕತ್ತರಿಸುವುದು ಸಲ್ಲ. ಇನ್ನು, ಶುರುವಿನ ವಾರಗಳಲ್ಲಿ ಹಗಲು ತೂಕಡಿಕೆ ಹೆಚ್ಚಾಗುವುದರಿಂದ ಶಾಲೆಗೆ ಸ್ಕೂಟರಿನಲ್ಲಿ ಹೋಗುವವರಾದರೆ ಆ ದಿನಗಳಲ್ಲಿ ಬಸ್ಸೋ, ಯಾರದಾದರೂ ಜೊತೆಯೋ ನೋಡಿಕೊಳ್ಳಿ. ರಜಾದಿನ ತೀರಾ ಸುಸ್ತೆನಿಸಿದರೆ ಮಧ್ಯಾಹ್ನ ಮೂರರೊಳಗೆ ಅರ್ಧ ಗಂಟೆ ಮಲಗಿ, ಅದಕ್ಕಿಂತ ಹೆಚ್ಚು ಬೇಡ.

ಊಟ, ಕಾಫಿ, ಮಾತ್ರೆ

ರಾತ್ರಿ ಊಟ ಬಿಡುವುದನ್ನು ಇಂದೇ ನಿಲ್ಲಿಸಿ. ಹಸಿದ ಹೊಟ್ಟೆಯೂ ಎಬ್ಬಿಸುತ್ತದೆ, ಮೇಲಾಗಿ ಈ ಕಾಯಿಲೆಯಲ್ಲಿ ತೂಕ ಮತ್ತು ಪೌಷ್ಟಿಕಾಂಶ ಕಳೆದುಕೊಳ್ಳುವುದು ಅಪಾಯ. ಮಲಗುವ ಎರಡು ಮೂರು ಗಂಟೆ ಮೊದಲು ಮೆತ್ತಗಿನ ಅನ್ನ, ತಿಳಿಸಾರು, ಹೆಸರುಬೇಳೆ ಕಿಚಡಿ, ಒಗ್ಗುವುದಾದರೆ ಮಜ್ಜಿಗೆ, ಹೀಗೆ ನಿಮ್ಮ ಹೊಟ್ಟೆಗೆ ಹಿಡಿಸಿದ್ದನ್ನು ಹಿತವಾಗಿ ಉಣ್ಣಿ. ಎಲ್ಲ ಕೊಲೈಟಿಸ್ ರೋಗಿಗಳಿಗೂ ಹೊಂದುವ ಒಂದೇ ಪಥ್ಯ ಎಂಬುದಿಲ್ಲ. ಕಾಫಿ, ಟೀಯಲ್ಲಿನ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಅದು ಕರುಳನ್ನೂ ಚುರುಕುಗೊಳಿಸುತ್ತದೆ. ಮಧ್ಯಾಹ್ನದ ನಂತರ ಎರಡನ್ನೂ ಬಿಟ್ಟು ನೋಡಿ.

ಪಕ್ಕದ ಮನೆಯ ನಿದ್ದೆ ಮಾತ್ರೆಯನ್ನು ಇನ್ನು ಮುಟ್ಟಬೇಡಿ. ನಮ್ಮಲ್ಲಿ ಹೀಗೆ ಕೈಬದಲಾಗುವ ಮಾತ್ರೆ ಹೆಚ್ಚಾಗಿ ಅಲ್‌ಪ್ರಜೋಲಾಮ್ ಗುಂಪಿನದು, ಕೆಲವೇ ವಾರಗಳಲ್ಲಿ ಅದಿಲ್ಲದೆ ಆಗದು ಎಂಬ ಸ್ಥಿತಿಗೆ ತಂದೀತು. ದಿನವೂ ನುಂಗುವ ಅಭ್ಯಾಸ ಆಗಿಬಿಟ್ಟಿದ್ದರೆ ಮಾತ್ರ ಒಮ್ಮೆಲೇ ನಿಲ್ಲಿಸದೆ ವೈದ್ಯರಿಗೆ ಹೇಳಿ. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಕೊಲೈಟಿಸ್ ಕೆರಳಿಸಬಲ್ಲವು. ಮತ್ತೆಂದಾದರೂ ಪ್ರೆಡ್ನಿಸೊಲೋನ್ ಬರೆದುಕೊಟ್ಟಾಗ ನಿದ್ದೆ ಕೆಟ್ಟರೆ ಹೇಳಿ, ಆದರೆ ನೀವಾಗಿ ನಿಲ್ಲಿಸಬೇಡಿ. ಅದನ್ನು ಹಂತಹಂತವಾಗಿಯೇ ಇಳಿಸಬೇಕು.

ಮಧ್ಯಾಹ್ನದ ಸುಸ್ತನ್ನು ಪೂರ್ತಿ ನಿದ್ದೆಯ ತಲೆಗೆ ಕಟ್ಟಬೇಡಿ. ರಕ್ತ ಕಳೆದುಕೊಂಡವರಲ್ಲಿ ಕಬ್ಬಿಣಾಂಶ ಬತ್ತಿರುತ್ತದೆ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್ ನೋಡಬೇಕೇ ಎಂದು ಕೇಳಿ. ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ. ಆಗ 100ರವರೆಗಿನ ಅಂಕಿಯೂ ಕೊರತೆಯನ್ನೇ ಸೂಚಿಸಬಹುದು. ಮಲಗಿದ ಕೂಡಲೇ ಕಾಲು ಅದುರಿಸಬೇಕು, ಆಡಿಸಬೇಕು ಎನಿಸುತ್ತಿದ್ದರೆ ಅದನ್ನೂ ಹೇಳಿ. ಕಬ್ಬಿಣಾಂಶದ ಕೊರತೆಯಿಂದ ಬರುವ ಆ ಚಡಪಡಿಕೆಯೂ ನಿದ್ದೆ ಕೆಡಿಸುತ್ತದೆ, ಕೊರತೆ ನೀಗಿದರೆ ಬಹಳ ಮಟ್ಟಿಗೆ ಇಳಿಯುತ್ತದೆ.

ಮನೆಯವರಿಗೆ ಹೇಳಿ

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಚಿಲಕದ ಸದ್ದಿನ ಸಂಕೋಚ. ಎದ್ದರೆ ಯಾರಿಗೋ ತೊಂದರೆ ಎಂದು ಉಸಿರು ಬಿಗಿಹಿಡಿದು ಮಲಗಿದರೆ ನಿದ್ದೆ ಹೇಗೆ ಬಂದೀತು? ಒಂದು ಸಂಜೆ ಯಜಮಾನರನ್ನೂ ಅತ್ತೆಯವರನ್ನೂ ಕೂರಿಸಿಕೊಂಡು ಮಾತಾಡಿ. 'ಅತ್ತೆ, ಯೋಚನೆ ಮಾಡಿ ನಿದ್ದೆ ಕೆಟ್ಟಿದ್ದಲ್ಲ, ಇದು ಕಾಯಿಲೆಯ ಭಾಗವೇ ಅಂತೆ. ರಾತ್ರಿ ನಾನು ಎದ್ದರೆ ಗಾಬರಿಯಾಗಬೇಡಿ, ಏನಾಯ್ತು ಎಂದು ಕೇಳಲೂಬೇಡಿ' ಎಂದು ಹೇಳಿ. ಆಗದಿದ್ದರೆ ಮುಂದಿನ ಸಲ ಯಜಮಾನರನ್ನು ಜೊತೆಗೆ ಕರೆದೊಯ್ದು ವೈದ್ಯರ ಬಾಯಿಂದಲೇ ಹೇಳಿಸಿ. ಚಿಲಕಕ್ಕೆ ಎಣ್ಣೆ ಬಿಡಿಸಿ. ಹಿತ್ತಿಲ ದಾರಿಗೆ ಒಂದು ಸಣ್ಣ ದೀಪ, ತುಂಬಿದ ಬಕೆಟ್, ಬಾಗಿಲ ಬಳಿ ಚಪ್ಪಲಿ, ಒಂದು ಜೊತೆ ಬಟ್ಟೆ ಇಟ್ಟು ಮಲಗಿ. ಏಳಬೇಕಾದರೆ ಎಲ್ಲವೂ ಸಿದ್ಧವಿದೆ ಎಂಬ ಧೈರ್ಯವೇ ಎಷ್ಟೋ ರಾತ್ರಿ ಏಳದಂತೆ ಮಾಡುತ್ತದೆ. ಮನೆಯೊಳಗೇ ಒಂದು ಪಾಯಿಖಾನೆ ಕಟ್ಟಿಸುವ ಅನುಕೂಲವಿದ್ದರೆ, ನಿಮ್ಮ ಚಿಕಿತ್ಸೆಯ ಖರ್ಚಿನಲ್ಲೇ ಅದನ್ನೂ ಸೇರಿಸಿ ಎಂದು ಯಜಮಾನರಿಗೆ ನನ್ನ ಮಾತಾಗಿ ತಿಳಿಸಿ.

ದೀರ್ಘಕಾಲದ ಕರುಳಿನ ಕಾಯಿಲೆ ಇರುವವರಲ್ಲಿ ಆತಂಕ, ಖಿನ್ನತೆ ಇತರರಿಗಿಂತ ಹೆಚ್ಚು. ಯಾವುದರಲ್ಲೂ ಆಸಕ್ತಿ ಇಲ್ಲ, ಸುಮ್ಮನೆ ಅಳು ಬರುತ್ತದೆ, ಬದುಕೇ ಸಾಕೆನಿಸುತ್ತದೆ ಎಂಬ ಭಾವ ಸುಳಿದರೆ ಒಂದು ದಿನವೂ ತಡಮಾಡಬೇಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ, ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಹತ್ತಿರದಲ್ಲಿ ಎಲ್ಲಿ ತೋರಿಸಬಹುದೆಂದೂ ತಿಳಿಸುತ್ತಾರೆ. ನಿದ್ದೆಯ ತರಬೇತಿ ಒಬ್ಬರೇ ಮಾಡಲು ಕಷ್ಟವೆನಿಸಿದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ ಕೇಳಿ.

ಕೆಲವು ಲಕ್ಷಣಗಳಿಗೆ ನೋಟ್‌ಬುಕ್ಕೂ ಬೇಡ, ಕಾಯುವುದೂ ಬೇಡ. ದಿನಕ್ಕೆ ಆರು ಸಲ ಅಥವಾ ಅದಕ್ಕಿಂತ ಹೆಚ್ಚು ರಕ್ತ ಬೆರೆತ ಭೇದಿ, ಅದರ ಜೊತೆಗೆ ಜ್ವರ ಅಥವಾ ನಿಮಿಷಕ್ಕೆ 90 ದಾಟಿದ ನಾಡಿ, ಹೊಟ್ಟೆ ಉಬ್ಬರಿಸಿ ತಡೆಯಲಾರದ ನೋವು, ತಲೆಸುತ್ತಿ ಬೀಳುವಂತಾಗುವುದು, ಇವು ಕಂಡರೆ ರಾತ್ರಿಯಾದರೂ ಸರಿ, ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ಒಂದು ಮಾತು. ದಿನಕ್ಕೆ ಎಷ್ಟು ಸಲ ಎಂದು ನಿಮ್ಮ ವೈದ್ಯರು ಕೇಳಿದ್ದಕ್ಕೆ ನೀವು ಸರಿಯಾಗಿಯೇ ಉತ್ತರ ಕೊಟ್ಟಿದ್ದೀರಿ. ರಾತ್ರಿಯ ವಿಷಯ ಅವರು ಕೇಳಲಿಲ್ಲ, ನೀವು ಹೇಳಲಿಲ್ಲ. ಈ ಸಲ ಕುರ್ಚಿಯಲ್ಲಿ ಕೂತ ಕೂಡಲೇ ನೀವೇ ಹೇಳಿ: ರಾತ್ರಿ ಇಷ್ಟು ಸಲ ಏಳುತ್ತೇನೆ, ಇಂಥ ಕಾರಣಕ್ಕೆ ಏಳುತ್ತೇನೆ, ಎನಿಮಾ ಬಿಟ್ಟಿದ್ದೇನೆ. ಈ ಅಂಕಣ ಓದುತ್ತಿರುವ ಇಂಥ ಕಾಯಿಲೆಯ ಎಲ್ಲರಲ್ಲೂ ನನ್ನ ಕೋರಿಕೆ ಇದೇ. ನಿದ್ದೆಯ ತೊಂದರೆಯನ್ನು ಕಾಯಿಲೆಯ ಲಕ್ಷಣವೆಂದೇ ಎಣಿಸಿ ವೈದ್ಯರಿಗೆ ಹೇಳಿ. ಹೇಳಿದರೆ ಅದಕ್ಕೆ ಚಿಕಿತ್ಸೆ ಇದೆ.